ನಷ್ಟ ಯಾರ ತಲೆಗೆ? ವ್ಯಾಪಾರ ಕಾನೂನು ಪಾಠ ಮಾಡಿದ ನನ್ನ ಅನುಭವ

ವ್ಯಾಪಾರ ಕಾನೂನನ್ನು ಕಾನೂನು ವಿದ್ಯಾರ್ಥಿಗಳಿಗೂ ಕಲಿಸಿದ್ದೇನೆ, ಮ್ಯಾನೇಜ್‌ಮೆಂಟ್ ಓದುವವರಿಗೂ ಕಲಿಸಿದ್ದೇನೆ. ಕಾನೂನಿನವರು ‘ನಿಯಮ ಏನು?’ ಎಂದು ಕೇಳುತ್ತಾರೆ. ಮ್ಯಾನೇಜ್‌ಮೆಂಟಿನವರು ‘ಹಾಗಾದ್ರೆ ನಾನೇನು ಮಾಡ್ಬೇಕು?’ ಎನ್ನುತ್ತಾರೆ. ಎರಡೂ ತರಗತಿಗೆ ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗುತ್ತಿದ್ದೆ: ವ್ಯವಹಾರ ಕೆಟ್ಟರೆ ನಷ್ಟ ಯಾರ ತಲೆಗೆ?

ಕಂಪನಿ ಕಾನೂನಿಗೆ ಬಂದಾಗ ವ್ಯಾಖ್ಯೆ ಬರೆಸುತ್ತಿರಲಿಲ್ಲ. ನೇರವಾಗಿ ಸಾಲೊಮನ್ ಪ್ರಕರಣ. ಆರನ್ ಸಾಲೊಮನ್ ಲಂಡನ್ನಿನ ಬೂಟು ವ್ಯಾಪಾರಿ. 1892ರಲ್ಲಿ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಕಂಪನಿಗೆ ಆಗ ಏಳು ಜನ ಬೇಕಿತ್ತು. ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳಿಗೆ ಒಂದೊಂದು ಷೇರು, ಉಳಿದದ್ದೆಲ್ಲ ಅವನದೇ. ಮಾರಿದ ಬೆಲೆಯಲ್ಲಿ 10,000 ಪೌಂಡಿಗೆ ಕಂಪನಿಯಿಂದ ಡಿಬೆಂಚರ್ ಪಡೆದ, ಅಂದರೆ ಕಂಪನಿಯ ಆಸ್ತಿಯನ್ನೇ ಒತ್ತೆಯಿಟ್ಟ ಸಾಲಪತ್ರ. ಕಂಪನಿ ಮುಳುಗಿತು. ಡಿಬೆಂಚರಿಗೆ ಮೊದಲ ಹಕ್ಕು. ಅದು ತೀರಿದ ಮೇಲೆ ಬೇರೆ ಸಾಲ ಕೊಟ್ಟವರಿಗೆ ಏನೂ ಉಳಿಯುವಂತಿರಲಿಲ್ಲ.

ಇಲ್ಲಿ ನಿಲ್ಲಿಸಿ ತರಗತಿಯನ್ನು ಎರಡು ಪಕ್ಷ ಮಾಡುತ್ತಿದ್ದೆ. ಸಾಲ ಕೊಟ್ಟವರ ಪರ ನಿಂತವರ ದನಿ ಏರುತ್ತಿತ್ತು: ‘ಇದು ಮೋಸ ಅಲ್ವಾ?’ ಕೆಳಗಿನ ಎರಡು ಕೋರ್ಟುಗಳೂ ಸಾಲೊಮನ್ ವಿರುದ್ಧವೇ ತೀರ್ಪು ಕೊಟ್ಟಿದ್ದವು. 1896ರಲ್ಲಿ ಆಗಿನ ಬ್ರಿಟನ್ನಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿತು: ಕಂಪನಿ ಬೇರೆ, ಸಾಲೊಮನ್ ಬೇರೆ. ಇದನ್ನು ಮೊದಲೇ ಹೇಳಿಬಿಟ್ಟರೆ ಸುಮ್ನೆ ನೋಟ್ಸಿನಲ್ಲಿ ಒಂದು ಸಾಲಾಗುತ್ತದೆ. ಸಿಟ್ಟು ಬಂದ ಮೇಲೆ ಕೇಳಿದವರು ಮುಂದಕ್ಕೆ ಹೋಗುತ್ತಾರೆ. ಸಾಲ ಕೊಡುವವನು ಮೊದಲೇ ಏನು ನೋಡಿಕೊಳ್ಳಬೇಕಿತ್ತು? ಮಾಲೀಕನ ಸ್ವಂತ ಜಾಮೀನು ಕೇಳಬಹುದಿತ್ತಾ? ಸೀಮಿತ ಹೊಣೆಗಾರಿಕೆಯ ಪಾಠ, ಅಂದರೆ ಷೇರುದಾರ ತನ್ನ ಷೇರಿನ ಹಣಕ್ಕಿಂತ ಹೆಚ್ಚು ನಷ್ಟ ಹೊರಬೇಕಿಲ್ಲ ಎಂಬುದು, ಅಲ್ಲಿಂದ ತಾನಾಗಿ ಬೆಳೆಯುತ್ತಿತ್ತು.

ಹೀಗೆ ಪ್ರಕರಣ ಹಿಡಿದು ಕಲಿಸುವುದು ಹಳೆಯ ಪದ್ಧತಿ. 1870ರಲ್ಲಿ ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಗೆ ಬಂದ ಪ್ರಾಧ್ಯಾಪಕ ಲ್ಯಾಂಗ್ಡೆಲ್ ಬೆಳೆಸಿದ್ದು. ನನಗೆ ಅದು ಇಷ್ಟ, ಆದರೆ ಅಷ್ಟೇ ಸಾಲದು ಎಂದು ಈಗಲೂ ವಾದಿಸುತ್ತೇನೆ. ತೀರ್ಪು ಜಗಳ ಮುಗಿದ ಮೇಲಿನದು. ವ್ಯಾಪಾರಿಗೆ ವಕೀಲ ಜಾಸ್ತಿ ಬೇಕಾಗುವುದು ಜಗಳಕ್ಕೆ ಮುಂಚೆ, ಕರಾರು ಬರೆಯುವಾಗ.

ಅದಕ್ಕೇ ಇಂಗ್ಲೆಂಡಿನ 1854ರ ಹ್ಯಾಡ್ಲಿ ಪ್ರಕರಣವನ್ನು ಬರೀ ಓದಿಸಿ ಸುಮ್ಮನಾಗುತ್ತಿರಲಿಲ್ಲ. ಗಿರಣಿ ಯಂತ್ರದ ಶಾಫ್ಟ್ (ತಿರುಗುವ ದಂಡ) ಮುರಿದಿದೆ, ಅದನ್ನು ಒಯ್ಯಬೇಕಿದ್ದ ಸಾಗಣೆಯವರು ತಡ ಮಾಡಿದ್ದಾರೆ, ಗಿರಣಿ ನಿಂತು ಲಾಭ ಹೋಗಿದೆ. ಕರಾರಿನ ಹೊತ್ತಿಗೆ ಇಬ್ಬರ ಮನಸ್ಸಿಗೂ ಬರಬಹುದಾಗಿದ್ದ ನಷ್ಟಕ್ಕೆ ಮಾತ್ರ ಪರಿಹಾರ ಎಂದಿತು ಕೋರ್ಟು. ಗಿರಣಿಯವರಿಗೆ ಆ ಲಾಭ ಸಿಗಲಿಲ್ಲ. ನನ್ನ ವಿದ್ಯಾರ್ಥಿಗಳು ಆಮೇಲೆ ಅದೇ ಸಾಗಣೆಗೆ ಕರಾರು ಬರೆಯಬೇಕಿತ್ತು. ಅರ್ಧ ಜನ ಗಿರಣಿಯವರ ಪರ, ಅರ್ಧ ಜನ ಸಾಗಣೆಯವರ ಪರ. ಬರೆದದ್ದನ್ನು ಅದಲುಬದಲು ಮಾಡಿಕೊಂಡು ಎದುರಿನವರ ಕರಾರಿನಲ್ಲಿ ತೂತು ಹುಡುಕುತ್ತಿದ್ದರು. ಹುಡುಕಿದವರಿಗೆ ಅಂಕ ಕೊಡುತ್ತಿದ್ದೆ. ಅದನ್ನು ಮುಚ್ಚುವ ಹಾಗೆ ತಿದ್ದಿ ಬರೆದವರಿಗೆ ಇನ್ನೂ ಜಾಸ್ತಿ.