ಮಿಯಾಟಾದ ನೆಲದಡಿಗೆ ಉಕ್ಕಿನ ಚಾನೆಲ್: ಮಾಡಿ ಮಾರಿದ ನನ್ನ ಅನುಭವ

ಮಜ್ದಾ ಮಿಯಾಟಾ 1989ರಲ್ಲಿ ಬಂದಾಗಿನಿಂದಲೂ ಹಗುರವೇ ಅದರ ಗುಣ. ಚಾವಣಿ ಇಲ್ಲದ ಕಾರಾದ್ದರಿಂದ ಬಾಗುವಿಕೆಯನ್ನು ಹೆಚ್ಚಾಗಿ ನೆಲ, ಬಾಗಿಲಡಿಯ ಅಂಚು ಮತ್ತು ನಡುವಿನ ಸುರಂಗ, ಅಂದರೆ ನೆಲದ ಮಧ್ಯೆ ಉದ್ದಕ್ಕೂ ಎದ್ದಿರುವ ಉಬ್ಬು, ಇವೇ ತಡೆಯಬೇಕು. ನೆಲದಡಿಯ ಎರಡು ರೈಲುಗಳೋ, ಅಂದರೆ ಉದ್ದಕ್ಕೂ ಹೋಗುವ ಟೊಳ್ಳು ತೊಲೆಗಳೋ, ತೆಳು ತಗಡಿನವು. ಅಮೆರಿಕದಲ್ಲಿ ಸಿಗುವ ಹಳೆಯ ಕಾರುಗಳಲ್ಲಿ ಯಾರೋ ಆ ರೈಲಿಗೇ ಜಾಕ್ ಕೊಟ್ಟು ಚಪ್ಪಟೆ ಮಾಡಿರುತ್ತಾರೆ. ನಾನು ಮಾರುವುದು ಅದರ ಮೇಲೆ ಕೆಳಗಿನಿಂದ ಕೂರುವ ಯು ಆಕಾರದ ಚಾನೆಲ್ ಜೋಡಿ.

ಬಳಸುವುದು 12 ಗೇಜ್ ಉಕ್ಕು, ಅಂದರೆ ಸುಮಾರು 2.7 ಮಿ.ಮೀ. ಬಗ್ಗಿಸುವ ಮೊದಲಿನ ಅಗಲ 140 ಮಿ.ಮೀ., ಉದ್ದ 1150. ಒಂದರ ತೂಕ ಹೆಚ್ಚುಕಡಿಮೆ 3.4 ಕೆ.ಜಿ. ಐದು ಮಿ.ಮೀ. ದಪ್ಪದ್ದು ಮಾಡಿಕೊಡಿ ಎನ್ನುವವರು ಬಹಳ. ಕೊಡುವುದಿಲ್ಲ. ತೂಕ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ಕಚ್ಚಿಕೊಳ್ಳುವುದು ಮಾತ್ರ ಅದೇ ತೆಳು ತಗಡಿಗೆ. ಮೊದಲು ಸೋಲುವುದು ಬೋಲ್ಟಿನ ಸುತ್ತಲಿನ ಜಾಗ.

ಕತ್ತರಿಸುವುದು, ಬಗ್ಗಿಸುವುದು ಹೊರಗಿನ ಲೇಸರ್ ಅಂಗಡಿಯಲ್ಲಿ. ನಕ್ಷೆಯಲ್ಲಿ ಒಳ ಅಗಲವನ್ನೇ ಬರೆದುಕೊಡಿ. ಹೊರ ಅಗಲ ಕೊಟ್ಟರೆ ಬೆಂಡಿನ ವ್ಯತ್ಯಾಸವೆಲ್ಲ ಒಳಗೆ ಬಂದು ಕೂರುತ್ತದೆ. ರೈಲಿಗಿಂತ 2 ಮಿ.ಮೀ. ಹೆಚ್ಚು ಸಾಕು. ಬಾಗಿಲ ಕಡೆ ದುಂಡು ತೂತು, ಸುರಂಗದ ಕಡೆ ಉದ್ದ ತೂತು ಇಡುತ್ತೇನೆ. ಯಾವ ಹಳೆಯ ರೈಲೂ ನೇರವಾಗಿರುವುದಿಲ್ಲ, ಎರಡೂ ಕಡೆ ದುಂಡಾಗಿದ್ದರೆ ಬೋಲ್ಟು ದಾಟುವುದೇ ಇಲ್ಲ.

ಕೂರಿಸುವ ಮೊದಲು ಕಾರು ನಾಲ್ಕೂ ಕಡೆ ಸಮನಾಗಿ ನಿಂತಿರಬೇಕು. ಒಂದೇ ಮೂಲೆ ಎತ್ತಿ ಬಿಗಿದರೆ ಆ ತಿರುಚು ಹಾಗೇ ಉಳಿದು ಬಾಗಿಲು ಉಜ್ಜುತ್ತದೆ. ಚಪ್ಪಟೆಯಾದ ಕಡೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಆದಷ್ಟು ನೇರ ಮಾಡಿ. ಡ್ರಿಲ್ ಸುರಂಗದ ಕಡೆಗೆ ಹೊರಬರುವುದರಿಂದ ಅಲ್ಲಿನ ಪೆಟ್ರೋಲ್ ಮತ್ತು ಬ್ರೇಕ್ ಕೊಳವೆಗಳನ್ನು ಕ್ಲಿಪ್ಪಿನಿಂದ ಬಿಡಿಸಿ ಪಕ್ಕಕ್ಕೆ ಕಟ್ಟುವುದು ಕಡ್ಡಾಯ.

ಚಾನೆಲನ್ನು ಕ್ಲಾಂಪಿನಲ್ಲಿ ಹಿಡಿದು ಬಾಗಿಲ ಕಡೆಯಿಂದ ಮೊದಲು 3, ಆಮೇಲೆ 8.5 ಮಿ.ಮೀ. ಕೊರೆಯಿರಿ. ಚಾನೆಲ್ ಇಳಿಸಿ, ರೈಲಿನ ಬಾಗಿಲ ಕಡೆಯ ಗೋಡೆಯ ತೂತನ್ನು ಮಾತ್ರ 12.5ಕ್ಕೆ ದೊಡ್ಡದು ಮಾಡಿ 12 ಮಿ.ಮೀ. ಹೊರವ್ಯಾಸದ ಉಕ್ಕಿನ ಕೊಳವೆತುಂಡು ತೂರಿಸಿ. ಅದು ಆಚೆ ಗೋಡೆಗೆ ತಾಗಿ, ಈಚೆ ರೈಲಿನ ಹೊರಮೈಗೆ ಸಮನಾಗಿ ನಿಲ್ಲಬೇಕು. ಗಿರಾಕಿಗಳು ಹೆಚ್ಚಾಗಿ ತಪ್ಪಿಸುವ ಕೆಲಸ ಇದೇ. ತುಂಡಿಲ್ಲದೆ ಬಿಗಿದರೆ ಟೊಳ್ಳು ರೈಲು ಒಳಕ್ಕೆ ಕುಸಿಯುತ್ತದೆ, ವಾರದಲ್ಲಿ ಬೋಲ್ಟು ಸಡಿಲ, ನೆಲದಡಿ ಕಟಕಟ. ಚಾನೆಲ್ ಮತ್ತೆ ಕೂರಿಸಿದ ಮೇಲೆ ಬೋಲ್ಟು ಒಂದು ಕಡೆಗೆ ಆರು, 8.8 ದರ್ಜೆಯ (ಬೋಲ್ಟಿನ ಬಲದ ಗುರುತು) ಎಂ8, ಅಂದರೆ 8 ಮಿ.ಮೀ. ದಪ್ಪದ್ದು, ಉದ್ದ ತೂತಿನ ಕಡೆ ದಪ್ಪ ವಾಷರ್, ಬಿಗಿ 20 ನ್ಯೂಟನ್ ಮೀಟರ್. ಐನೂರು ಕಿ.ಮೀ. ಓಡಿಸಿ ಮತ್ತೆ ನೋಡಿ.

ಎರಡು ತಗಡಿನ ನಡುವೆ ನೀರು ನಿಂತರೆ ಮಿಷಿಗನ್, ಒಹಾಯೊ ಕಡೆಯ ಚಳಿಗಾಲದ ಉಪ್ಪು ರೈಲನ್ನೇ ತಿನ್ನುತ್ತದೆ. ಅದಕ್ಕೇ ಕೊರೆದ ಅಂಚುಗಳಿಗೆಲ್ಲ ಜಿಂಕ್ ಪ್ರೈಮರ್, ಚಾನೆಲ್ ತಳದಲ್ಲಿ ನೀರಿಳಿಯಲು ತೂತು, ಕೊನೆಗೆ ಒಳಗೆ ಮೇಣದ ಸ್ಪ್ರೇ. ಮುಂದಿನ ಸಲ ಎತ್ತುವಾಗ ಜಾಕ್ ಕೊಡುವುದು ಮುಂದಿನ ಕ್ರಾಸ್‌ಮೆಂಬರ್ (ಅಡ್ಡ ತೊಲೆ), ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರುಪೆಟ್ಟಿಗೆ) ಅಡಿಗೇ.

ಈ ಚಾನೆಲ್ ಹೆಚ್ಚಾಗಿ ತಡೆಯುವುದು ಬಾಗುವಿಕೆಯನ್ನು. ತಿರುಚು ಕಡಿಮೆಯಾಗಬೇಕೆಂದರೆ ಎರಡು ರೈಲುಗಳನ್ನೂ ಸುರಂಗದಡಿ ಅಡ್ಡಪಟ್ಟಿಯಿಂದ ಸೇರಿಸಬೇಕು. ಆಗ ಸೈಲೆನ್ಸರ್ ಪೈಪ್ ಇಳಿಸುವಾಗಲೆಲ್ಲ ಅದನ್ನೂ ಬಿಚ್ಚಬೇಕು. ಇದನ್ನು ಮಾರುವ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಾದ ಎಸ್‌ಸಿಸಿಎ ನಡೆಸುವ ಆಟೋಕ್ರಾಸ್‌ನ (ಕೋನ್‌ಗಳ ನಡುವೆ ಸಮಯ ಅಳೆದು ಓಡಿಸುವ ಸ್ಪರ್ಧೆ) ಸ್ಟ್ರೀಟ್ ವರ್ಗದಲ್ಲಿ ಇಂಥ ಭಾಗಕ್ಕೆ ಅವಕಾಶವಿಲ್ಲ ಎಂಬುದನ್ನೂ. ಅಪಘಾತದಲ್ಲಿ ಕಾಪಾಡುತ್ತದೆ ಎಂದು ಎಲ್ಲೂ ಬರೆಯಬೇಡಿ, ಉತ್ಪನ್ನ ಹೊಣೆಯ ವಿಮೆ ಇಲ್ಲದೆ ಒಂದು ಜೋಡಿಯನ್ನೂ ಮಾರಬೇಡಿ.

ಉದ್ದ 1150 ಆದದ್ದು ಕಾರಿಗಿಂತ ಕೊರಿಯರಿನಿಂದ. ಪೆಟ್ಟಿಗೆ 48 ಇಂಚು ದಾಟಿದರೆ ಯುಪಿಎಸ್, ಫೆಡೆಕ್ಸ್ ಎರಡೂ ಹೆಚ್ಚುವರಿ ಶುಲ್ಕ ಹಾಕುತ್ತವೆ, ಲಾಭ ಅಲ್ಲೇ ಹೋಗುತ್ತದೆ. ಎರಡೂ ತುದಿಗೆ ಒಂದೊಂದು ಇಂಚು ಫೋಮ್, ಚಾನೆಲುಗಳ ನಡುವೆ ಒಂದು ಹಾಳೆ. ಇಲ್ಲದಿದ್ದರೆ ಪೌಡರ್ ಕೋಟಿಂಗ್ (ಪುಡಿಬಣ್ಣದ ಲೇಪ) ಒಂದಕ್ಕೊಂದು ಉಜ್ಜಿ ಎದ್ದುಬರುತ್ತದೆ. ಬೋಲ್ಟಿನ ಚೀಲವನ್ನು ಚಾನೆಲಿನ ಒಳಗೇ ಬಿಗಿದು ಕಟ್ಟಿ. ಬಿಡಿಯಾಗಿ ಹಾಕಿದರೆ ದಾರಿಯಲ್ಲಿ ಪೆಟ್ಟಿಗೆಯ ಮೂಲೆ ಹರಿದು ಬಿದ್ದುಹೋಗುತ್ತದೆ.