ನಾಲ್ಕನೇ ಸೇಫ್ಟಿಗಾಗಿ ಒಂದು ವಾರ

"ಆಡೋರ ಲೆಕ್ಕ ಬೇರೆಯವ್ರು ನೋಡ್ಕೋತಾರೆ, ಆಡದೇ ಕೂತಿರೋರ ಲೆಕ್ಕ ನಿಂದಾ?" ಅಂತ ಹಾಸನದಿಂದ ಅಮ್ಮ ಫೋನಿನಲ್ಲಿ ಕೇಳಿದ್ದಳು. ಹೂಂ ಅಂದೆ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡವೊಂದರಲ್ಲಿ ಆಟಗಾರರ ಪಟ್ಟಿ ನೋಡಿಕೊಳ್ಳುವ ವಿಭಾಗದಲ್ಲಿ ನಾನಿದ್ದೇನೆ. ಅದರಲ್ಲೂ ನನ್ನ ಪಾಲಿಗೆ ಬಂದಿದ್ದು ಸೇಫ್ಟಿಗಳು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಡೆಯುವ ಹನ್ನೊಂದು ಜನರಲ್ಲಿ ತೀರಾ ಹಿಂದೆ ನಿಲ್ಲುವ ಇಬ್ಬರು ಸೇಫ್ಟಿಗಳು. ಎದುರಾಳಿ ಚೆಂಡು ಎಸೆಯಲಿ, ಹೊತ್ತು ಓಡಲಿ, ಮುಂದಿನವರನ್ನು ದಾಟಿ ಬಂದರೆ ಸಿಗುವವರು ಇವರೇ. ಇವರ ಹಿಂದೆ ಬರೀ ಹುಲ್ಲು.

ತಂಡದ ಪಟ್ಟಿಯಲ್ಲಿ 53 ಜನ. ಪಂದ್ಯದ ದಿನ ಇಳಿಸಬಹುದಾದದ್ದು ಹೆಚ್ಚೆಂದರೆ 48. ಇದರಲ್ಲಿ ಸೇಫ್ಟಿಗಳ ಪಾಲಿಗೆ ಸಾಮಾನ್ಯವಾಗಿ ಬರುವುದು ನಾಲ್ಕು ಜಾಗ, ಹೆಚ್ಚೆಂದರೆ ಐದು. ಹೊರಗಡೆ ಪ್ರಾಕ್ಟೀಸ್ ಸ್ಕ್ವಾಡ್ ಅಂತ 16 ಜನರ ಇನ್ನೊಂದು ಗುಂಪು. ಅವರು ವಾರವೆಲ್ಲ ಅಭ್ಯಾಸ ಮಾಡುತ್ತಾರೆ. ಪಂದ್ಯಕ್ಕೆ ಅವರಲ್ಲಿ ಇಬ್ಬರನ್ನು ಮೇಲಕ್ಕೆ ತರಬಹುದು, ಆದರೆ ಒಬ್ಬನನ್ನು ಒಂದು ಸೀಸನ್‌ನಲ್ಲಿ ಮೂರೇ ಸಲ. ನಾಲ್ಕನೇ ಸಲ ಬೇಕೆಂದರೆ 53ರೊಳಗೆ ಜಾಗ ಕೊಡಲೇಬೇಕು, ಅಂದರೆ ಇನ್ನೊಬ್ಬನನ್ನು ತೆಗೆಯಬೇಕು.

ಮೂರನೆಯವನು ಮೊದಲನೆಯವನಾಗಲು ಒಂದು ಪೆಟ್ಟು ಸಾಕು. 2022ರಲ್ಲಿ ಬಫಲೋ ಬಿಲ್ಸ್ ತಂಡದ ಮೈಕಾ ಹೈಡ್ ಎರಡನೇ ವಾರದಲ್ಲೇ ಕುತ್ತಿಗೆ ನೋವಿನಿಂದ ಹೊರಬಿದ್ದಾಗ ಆ ಜಾಗ ತುಂಬಿದ್ದು ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆರಿಸಿಕೊಂಡಿದ್ದ ಡಮಾರ್ ಹ್ಯಾಮ್ಲಿನ್. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಆಟದ ನಡುವೆಯೇ ಹೃದಯ ನಿಂತು ಕುಸಿದು, ಬದುಕಿ ಬಂದವರು ಅವರೇ. ಆ ರಾತ್ರಿಯಿಂದ ಲೋಕಕ್ಕೆಲ್ಲ ಅವರ ಹೆಸರು ಗೊತ್ತು. ನಾನು ಮಾತ್ರ ಅವರನ್ನು ನೆನೆಯುವುದು ಅದಕ್ಕೂ ಹಿಂದಿನ ಮೂರು ತಿಂಗಳಿಗಾಗಿ. ಸದ್ದಿಲ್ಲದೆ ಬಂದು ನಿಂತು ವಾರ ವಾರವೂ ಆಡಿದರಲ್ಲ, ಅದಕ್ಕೆ.

ನಾನು ತಪ್ಪಿದ್ದು ಆಗಸ್ಟ್‌ನಲ್ಲಿ. ಶಿಬಿರದಲ್ಲಿ 90 ಜನ ಇರುತ್ತಾರೆ, ತಿಂಗಳ ಕೊನೆಗೆ 53ಕ್ಕೆ ಇಳಿಸಬೇಕು. ಕೊನೆಯ ಸೇಫ್ಟಿಯಾಗಿ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಇಬ್ಬರಲ್ಲಿ ಒಬ್ಬ. ಒಬ್ಬ ಹೊಸ ಹುಡುಗ, ಗಾಳಿಯಂತೆ ಓಡುತ್ತಿದ್ದ. ಇನ್ನೊಬ್ಬ ಏಳೆಂಟು ವರ್ಷ ಆಡಿದವನು, ಕಾಲು ಸ್ವಲ್ಪ ನಿಧಾನವಾಗಿತ್ತು. ನಾನು ಎಲ್ಲ ವಿಡಿಯೋ ನೋಡಿ, ವೇಗ, ಕೋನ, ಎದುರಾಳಿಯನ್ನು ಹಿಡಿದು ಬೀಳಿಸಲಾಗದೆ ಕೈತಪ್ಪಿದ ಟ್ಯಾಕಲ್ ಎಲ್ಲ ಎಣಿಸಿ, ಹುಡುಗನೇ ಇರಲಿ ಅಂತ ಬರೆದುಕೊಟ್ಟೆ. ಹಿರಿಯ ಮನೆಗೆ ಹೋದ.

ಅಕ್ಟೋಬರ್‌ನ ಒಂದು ಭಾನುವಾರ ನಮ್ಮ ಇಬ್ಬರು ಸೇಫ್ಟಿಗಳಿಗೆ ಒಂದೇ ಪಂದ್ಯದಲ್ಲಿ ಗಾಯವಾಯಿತು. ಒಬ್ಬನಿಗೆ ಭುಜ. ಅವನು ಗಾಯಾಳುಗಳ ಪಟ್ಟಿಗೆ, ಕನಿಷ್ಠ ನಾಲ್ಕು ಪಂದ್ಯ ಹೊರಗೆ. ಮೂರನೆಯವನಿಗೆ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು. ಎರಡು ವಾರದಲ್ಲಿ ಸರಿಹೋಗುತ್ತೆ ಅಂದರು ವೈದ್ಯರು. ಆ ಪಟ್ಟಿಗೆ ಹಾಕಿದರೆ ನಾಲ್ಕು ಪಂದ್ಯ ಹೋಗುತ್ತೆ, ಹಾಕದಿದ್ದರೆ ಆಡಲಾರದವನು 53ರಲ್ಲಿ ಒಂದು ಜಾಗ ಹಿಡಿದು ಕೂರುತ್ತಾನೆ. ಹಾಕಲಿಲ್ಲ. ಭುಜದವನಿಂದ ಖಾಲಿಯಾದ ಜಾಗ ನಮಗೇ ಸಿಗುತ್ತೆ ಅಂದುಕೊಂಡಿದ್ದೆ, ಮುಂಚೂಣಿಯಲ್ಲಿ ತಡೆಯುವ ದಢೂತಿಗಳಿಗೂ ಆ ವಾರ ಗಾಯಗಳಾಗಿ ಅದು ಅವರ ಪಾಲಾಯಿತು.

ಉಳಿದವರು ಒಬ್ಬ ಮೊದಲ ಸಾಲಿನವನು, ಮತ್ತೆ ನಾಲ್ಕನೆಯವನು. ನಾಲ್ಕನೆಯವನ ನಿಜವಾದ ಕೆಲಸವೇ ಬೇರೆ. ಕಿಕಾಫ್ ಆದಾಗ, ಅಂದರೆ ಚೆಂಡನ್ನು ಒದ್ದು ಆಟ ಶುರು ಮಾಡಿದಾಗ, ಓಡಿ ಹೋಗಿ ಅದನ್ನು ಹಿಡಿದವನನ್ನು ಬೀಳಿಸುವುದು, ಪಂಟ್ ಹೊಡೆಯುವಾಗ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವಾಗ, ಒದೆಯುವವನ ಮುಂದೆ ನಿಂತು ಅವನನ್ನು ಕಾಪಾಡುವುದು. 2024ರಲ್ಲಿ ಕಿಕಾಫ್ ನಿಯಮ ಬದಲಾಗಿ ಚೆಂಡನ್ನು ಹಿಡಿದು ಓಡಿಬರುವುದು ಹೆಚ್ಚಾದ ಮೇಲೆ ಅವನ ಬೆಲೆ ಇನ್ನೂ ಏರಿದೆ. ಮೂರು, ನಾಲ್ಕನೇ ಸೇಫ್ಟಿಯನ್ನು ಆರಿಸುವುದೆಂದರೆ ಮೂರನೇ, ನಾಲ್ಕನೇ ಒಳ್ಳೆಯ ಸೇಫ್ಟಿಯನ್ನು ಆರಿಸುವುದು ಅಂತ ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಅರವತ್ತು ನಿಮಿಷದಲ್ಲಿ ಅವನು ಬೇರೇನು ಮಾಡುತ್ತಾನೆ ಅನ್ನುವುದರಿಂದಲೇ ಅವನಿಗೆ ಸಂಬಳ.

ಪ್ರಾಕ್ಟೀಸ್ ಸ್ಕ್ವಾಡ್‌ನ ಹುಡುಗನನ್ನು ಆಗಲೇ ಎರಡು ಸಲ ಮೇಲಕ್ಕೆ ತಂದಿದ್ದೆವು. ಇನ್ನೊಂದು ಸಲ ಬಾಕಿ. ಮಂಗಳವಾರ ಹೊರಗಿನವರನ್ನು ಕರೆಸಿ ಪರೀಕ್ಷಿಸಿದಾಗ ಆ ಹಿರಿಯನೂ ಬಂದಿದ್ದ. ನಮ್ಮ ಶಿಬಿರದಲ್ಲಿ ಇದ್ದವನು, ಮೈದಾನದಲ್ಲಿ ಕೂಗಿ ಹೇಳುವ ಕರೆಗಳೆಲ್ಲ ಬಾಯಿಗೆ ಬರುತ್ತವೆ ಅಂತ ಕೋಚ್ ಅವನನ್ನು ಸ್ಕ್ವಾಡ್‌ಗೆ ಸೇರಿಸಿಕೊಂಡರು.

ಬುಧವಾರ ಮೊದಲ ಸಲ ನಾನು ಅಭ್ಯಾಸದ ಮೈದಾನದ ಅಂಚಿಗೆ ಹೋಗಿ ನಿಂತೆ. ಹುಡುಗನನ್ನು ಹಿಂದೆ ನಿಲ್ಲಿಸಿದ್ದರು. ಎದುರಿನವರಲ್ಲಿ ಒಬ್ಬ ಎಡದಿಂದ ಬಲಕ್ಕೆ ಜಾರಿದ. ಅವನು ಹಾಗೆ ಜಾರಿದ ಕೂಡಲೇ ಯಾರು ಯಾರನ್ನು ಹಿಡಿಯಬೇಕು ಅನ್ನುವುದು ಬದಲಾಗುತ್ತೆ, ಅದನ್ನು ಕೂಗಿ ಹೇಳಬೇಕಾದವನು ಸೇಫ್ಟಿ. ಹುಡುಗ ಸರಿಯಾದ ಜಾಗಕ್ಕೇ ಓಡಿದ, ಅತಿ ವೇಗವಾಗಿ ಓಡಿದ. ಬಾಯಿ ತೆರೆಯಲಿಲ್ಲ. ಬಲಗಡೆ ಇದ್ದ ಕಾರ್ನರ್, ಅಂದರೆ ಅಂಚಿನಲ್ಲಿ ನಿಂತು ಚೆಂಡು ಹಿಡಿಯುವವನನ್ನು ತಡೆಯುವವನು, ಹಿಂದೆ ಸಹಾಯ ಇದೆ ಅಂದುಕೊಂಡು ತನ್ನವನನ್ನು ಬಿಟ್ಟುಬಿಟ್ಟ. ಚೆಂಡು ಹಿಡಿದವನು ಒಬ್ಬನೇ ನಡೆದುಕೊಂಡು ಗೆರೆ ದಾಟಿದ. ಮುಂದಿನ ಸರದಿ ಹಿರಿಯನದು. ಅದೇ ಆಟ. ಎದುರಿನವನು ಜಾರುವ ಮೊದಲೇ ಇವನು ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿ, ಕೈ ಬೀಸಿ, ಕಾರ್ನರ್ ಹೆಸರು ಹಿಡಿದೇ ಕೂಗುತ್ತಿದ್ದ. ಅಭ್ಯಾಸ ಮುಗಿಯುವಷ್ಟರಲ್ಲಿ ಅವನ ಗಂಟಲು ಕಟ್ಟಿಹೋಗಿತ್ತು.

ಆಗ ತಿಳಿಯಿತು. ನಾವು ನೋಡುವ ಕೋಚಿಂಗ್ ವಿಡಿಯೋದಲ್ಲಿ ಇಪ್ಪತ್ತೆರಡೂ ಜನ ಕಾಣುತ್ತಾರೆ, ದನಿ ಮಾತ್ರ ಇಲ್ಲ. ಆಗಸ್ಟ್ ಪೂರ್ತಿ ನಾನು ಮೂಕ ಚಿತ್ರ ನೋಡಿ ತೀರ್ಮಾನ ಮಾಡಿದ್ದೆ.

ಇದಕ್ಕೆ ದೊಡ್ಡ ಸಾಕ್ಷಿ ಹಿರಿಯ ಸೇಫ್ಟಿ ಎರಿಕ್ ವೆಡಲ್. 2019ರ ಸೀಸನ್ ಮುಗಿಸಿ ನಿವೃತ್ತರಾಗಿದ್ದವರು. 2022ರ ಜನವರಿಯಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಇಬ್ಬರು ಸೇಫ್ಟಿಗಳು ಗಾಯಗೊಂಡಾಗ 37ನೇ ವಯಸ್ಸಿನಲ್ಲಿ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಬಂದು, ಒಂದು ತಿಂಗಳ ನಂತರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಇಡೀ ತಡೆಪಡೆಗೆ ಕರೆ ಕೊಟ್ಟು ಗೆದ್ದರು. ಎರಡು ವರ್ಷ ಆಡದ ಕಾಲುಗಳಿಗಾಗಿ ಅವರನ್ನು ಯಾರೂ ಕರೆದಿರಲಿಲ್ಲ.

ಶನಿವಾರ ಮಧ್ಯಾಹ್ನ ನಾಲ್ಕರೊಳಗೆ ಹೆಸರು ಕಳಿಸಬೇಕು. ಸ್ಕ್ವಾಡ್‌ನಿಂದ ಮೇಲಕ್ಕೆ ತರುವ ಎರಡು ಜಾಗದಲ್ಲಿ ಒಂದು ಬೇರೆ ವಿಭಾಗಕ್ಕೆ ಹೋಯಿತು, ಉಳಿದದ್ದಕ್ಕೆ ಹಿರಿಯನ ಹೆಸರು ಅಂತ ನಾನೇ ಬರೆದೆ. ಭಾನುವಾರ ಮೂರನೇ ಕ್ವಾರ್ಟರ್‌ನಲ್ಲಿ ಮೂರು ಸೇಫ್ಟಿಗಳನ್ನು ಇಳಿಸಿದಾಗ ಅವನು ಬಂದ. ಎದುರಿನವನು ಜಾರಿದ, ಇವನು ಹೆಲ್ಮೆಟ್ ತಟ್ಟಿದ, ಕಾರ್ನರ್ ಹಿಂದೆ ಸರಿದ. ಎಸೆಯಲು ಯಾರೂ ಸಿಗದೆ ಅವರ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಗೆರೆಯಾಚೆ ಬಿಸಾಕಿದ. ಅಂಕಿಪಟ್ಟಿಯಲ್ಲಿ ಇವನ ಹೆಸರಿನ ಮುಂದೆ ಏನೂ ಬರಲಿಲ್ಲ.

ಮರುವಾರ ಹುಡುಗನನ್ನು ಬೇರೊಂದು ತಂಡ ತನ್ನ 53ಕ್ಕೆ ಕರೆದುಕೊಂಡಿತು. ಹಾಗೆ ಕರೆದುಕೊಂಡವರು ಮೂರು ವಾರದ ಸಂಬಳವನ್ನಂತೂ ಕೊಡಲೇಬೇಕು. ಬ್ಯಾಗ್ ಹೆಗಲಿಗೇರಿಸಿ ಬಂದು ಎಲ್ಲರ ಕೈಕುಲುಕಿ ಹೋದ. ಅಲ್ಲಿ ಯಾರಾದರೂ ಅವನಿಗೆ ಕೂಗುವುದನ್ನು ಕಲಿಸಲಿ ಅಂತ ಮನಸಾರೆ ಹಾರೈಸಿದೆ. ನಾವು ಕಲಿಸಿರಲಿಲ್ಲ.

ಈಗ ಬುಧವಾರ ಲ್ಯಾಪ್‌ಟಾಪ್ ಮುಚ್ಚಿಟ್ಟು ಮೈದಾನಕ್ಕೆ ಹೋಗುತ್ತೇನೆ. ಸೇಫ್ಟಿಗಳ ಹಿಂದೆ ಹದಿನೈದು ಗಜ ದೂರ ನಿಂತು, ಯಾರು ಕೂಗಿದರು, ಎಷ್ಟು ಬೇಗ ಕೂಗಿದರು, ಆ ಕೂಗಿಗೆ ಎಷ್ಟು ಜನ ತಿರುಗಿ ನೋಡಿದರು ಅಂತ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.