ಬೆಳವಣಿಗೆ ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಹಾಕಿ ನೋಡುವುದು ಹೇಗೆ

ಆರ್ಥಿಕತೆ ಇಷ್ಟು ಬೆಳೆಯಿತು ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನನಗೆ ಮೊದಲು ಬರುವ ಪ್ರಶ್ನೆ ಒಂದೇ. ಜನ ಇದ್ದ ಕೆಲಸದಲ್ಲೇ ಜಾಸ್ತಿ ಉತ್ಪಾದನೆ ಮಾಡಿದರಾ, ಅಥವಾ ಕಡಿಮೆ ಹುಟ್ಟುವ ಕೆಲಸ ಬಿಟ್ಟು ಜಾಸ್ತಿ ಹುಟ್ಟುವ ಕೆಲಸಕ್ಕೆ ಹೋದರಾ? ಇದನ್ನು ಬಿಡಿಸಿ ನೋಡಲು ಅರ್ಥಶಾಸ್ತ್ರದ ಡಿಗ್ರಿ ಬೇಡ. ಕೂಡಿ, ಕಳೆದು, ಗುಣಿಸೋಕೆ ಬಂದರೆ ಸಾಕು.

ಬೇಕಾದದ್ದು ಎರಡು ಅಂಕಿ. ನೂರು ಜನ ದುಡಿಯುವವರಲ್ಲಿ ಯಾವ ವಲಯದಲ್ಲಿ ಎಷ್ಟು ಮಂದಿ ಇದ್ದಾರೆ ಅನ್ನೋದು ಒಂದು, ಆ ವಲಯದಿಂದ ಎಷ್ಟು ರೂಪಾಯಿಯ ಮೌಲ್ಯ ಹುಟ್ಟಿತು ಅನ್ನೋದು ಇನ್ನೊಂದು. ಜನರ ಲೆಕ್ಕ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ಸಿಗುತ್ತದೆ. ಅದನ್ನೇ ಪಿಎಲ್‌ಎಫ್‌ಎಸ್ ಅನ್ನುತ್ತಾರೆ, 2017-18ರಿಂದ ಬರುತ್ತಿದೆ. ರಾಜ್ಯದ ಮೌಲ್ಯದ ಲೆಕ್ಕ ಬಜೆಟ್ ಹೊತ್ತಿಗೆ ಬರುವ ಕರ್ನಾಟಕ ಆರ್ಥಿಕ ಸಮೀಕ್ಷೆಯಲ್ಲಿದೆ. ಇನ್ನೂ ಆಳಕ್ಕೆ ಹೋಗಬೇಕು ಅಂದರೆ ರಿಸರ್ವ್ ಬ್ಯಾಂಕಿನ ಕ್ಲೆಮ್ಸ್ ದತ್ತಾಂಶ ನೋಡಿ, 27 ಉದ್ಯಮಗಳ ವಿವರ 1980-81ರಿಂದ ಅದರಲ್ಲಿದೆ. ವರ್ಷ ವರ್ಷದ ಮೌಲ್ಯ ಹೋಲಿಸುವಾಗ ಸ್ಥಿರ ಬೆಲೆಯ ಪಟ್ಟಿಯನ್ನೇ, ಅಂದರೆ ಎಲ್ಲ ವರ್ಷಕ್ಕೂ ಒಂದೇ ವರ್ಷದ ಬೆಲೆ ಹಾಕಿ ಮಾಡಿದ್ದನ್ನೇ, ತೆಗೆದುಕೊಳ್ಳಿ. ಚಾಲ್ತಿ ಬೆಲೆಯದ್ದು ತೆಗೆದುಕೊಂಡರೆ ಈರುಳ್ಳಿ ರೇಟು ಏರಿದ್ದನ್ನೇ ರೈತ ಜಾಸ್ತಿ ಬೆಳೆದ ಅಂತ ಓದಿಬಿಡುತ್ತೀರಿ.

ಮೊದಲು ಒಂದು ಸುಲಭದ ಭಾಗಾಕಾರ ಮಾಡಿ. 2023-24ರ ಸಮೀಕ್ಷೆ ಪ್ರಕಾರ ದೇಶದಲ್ಲಿ ದುಡಿಯುವವರಲ್ಲಿ ಶೇ 46.1 ಮಂದಿ ಕೃಷಿಯಲ್ಲಿದ್ದರು. ಆ ವರ್ಷ ದೇಶದ ಒಟ್ಟು ಮೌಲ್ಯದಲ್ಲಿ ಕೃಷಿಯ ಪಾಲು ಮಾತ್ರ ಚಾಲ್ತಿ ಬೆಲೆಯಲ್ಲಿ ಶೇ 18ರ ಆಸುಪಾಸು (ಒಂದೇ ವರ್ಷದ ಪಾಲು ನೋಡೋಕೆ ಚಾಲ್ತಿ ಬೆಲೆ ಸಾಕು). 18ನ್ನು 46ರಿಂದ ಭಾಗಿಸಿದರೆ 0.39. ಉಳಿದ 54 ಮಂದಿಯಿಂದ 82 ಹುಟ್ಟುತ್ತದೆ, ಅಂದರೆ ಒಬ್ಬರಿಗೆ 1.52. ಹೆಚ್ಚೂಕಡಿಮೆ ನಾಲ್ಕು ಪಟ್ಟು ಅಂತರ! ಇದು ರೈತ ಸೋಮಾರಿ ಅನ್ನೋ ಲೆಕ್ಕ ಅಲ್ಲ, ದಯವಿಟ್ಟು ಹಾಗೆ ಓದಬೇಡಿ. ಎರಡು ಎಕರೆ ಜಮೀನು, ಮೂವರು ಅಣ್ಣತಮ್ಮಂದಿರು. ಕಳೆ ಕೀಳೋಕೂ ಮೂವರು, ನೀರು ಕಟ್ಟೋಕೂ ಮೂವರು. ಅವರಲ್ಲೊಬ್ಬ ಪೀಣ್ಯದ ಯಾವುದೋ ವರ್ಕ್‌ಶಾಪಿಗೆ ಸೇರಿದರೂ ಆ ಹೊಲದಲ್ಲಿ ಬರುವ ರಾಗಿ ಅಷ್ಟೇ ಬರುತ್ತದೆ. ಮೂವರೂ ಮೈಮುರಿದು ದುಡಿಯುತ್ತಾರೆ, ಕೊರತೆ ಇರೋದು ನೆಲದ್ದು.

ಈಗ ಅಸಲಿ ಲೆಕ್ಕಕ್ಕೆ ಬರೋಣ. ಸುಮ್ನೆ ಒಂದು ಊರು ಅಂದುಕೊಳ್ಳಿ, ಅಂಕಿಗಳೂ ಅಂದುಕೊಂಡವೇ. ದುಡಿಯುವವರು ನೂರು ಮಂದಿ. 60 ಜನ ಬೇಸಾಯದಲ್ಲಿ, ತಲಾ ವರ್ಷಕ್ಕೆ 1 ಲಕ್ಷ ಹುಟ್ಟುತ್ತದೆ. 20 ಜನ ಗಾರ್ಮೆಂಟ್ಸ್‌ನಲ್ಲಿ, ತಲಾ 2 ಲಕ್ಷ. ಇನ್ನು 20 ಜನ ಅಂಗಡಿ, ಬ್ಯಾಂಕು, ಆಫೀಸುಗಳಲ್ಲಿ, ತಲಾ 4 ಲಕ್ಷ. ಊರಿನ ಸರಾಸರಿ 1.8 ಲಕ್ಷ. ಐದು ವರ್ಷ ಬಿಟ್ಟು ನೋಡಿದರೆ ಬೇಸಾಯದಲ್ಲಿ 50 ಜನ, ತಲಾ 1.2 ಲಕ್ಷ. ಗಾರ್ಮೆಂಟ್ಸ್‌ನಲ್ಲಿ 30 ಜನ, ತಲಾ ಅದೇ 2 ಲಕ್ಷ. ಆಫೀಸುಗಳಲ್ಲಿ ಅದೇ 20 ಜನ, ತಲಾ 4.5 ಲಕ್ಷ. ಸರಾಸರಿ 2.1 ಲಕ್ಷಕ್ಕೆ ಏರಿತು. ಅಂದರೆ ತಲಾ 30,000 ರೂಪಾಯಿ ಹೆಚ್ಚಳ.

ಈ ಮೂವತ್ತು ಸಾವಿರವನ್ನು ಬಿಡಿಸುವುದು ಹೀಗೆ. ಯಾರೂ ಕೆಲಸ ಬದಲಿಸಲಿಲ್ಲ ಅಂದುಕೊಂಡು ಹಳೆ ಪಾಲಿಗೆ ಹೊಸ ಏರಿಕೆಯನ್ನು ಗುಣಿಸಿ: ಬೇಸಾಯದಿಂದ 12,000, ಆಫೀಸುಗಳಿಂದ 10,000, ಒಟ್ಟು 22,000. ಇದು ಆಯಾ ವಲಯದ ಒಳಗೇ ಆದ ಸುಧಾರಣೆ. ಆಮೇಲೆ, ಯಾವ ವಲಯವೂ ಸುಧಾರಿಸಲಿಲ್ಲ, ಜನ ಮಾತ್ರ ಜಾಗ ಬದಲಿಸಿದರು ಅಂದುಕೊಳ್ಳಿ. ನೂರಕ್ಕೆ ಹತ್ತು ಜನ 1 ಲಕ್ಷದ ಕೆಲಸ ಬಿಟ್ಟು 2 ಲಕ್ಷದ ಕೆಲಸಕ್ಕೆ ಹೋದರು, ಅದರಿಂದ 10,000. ಎರಡೂ ಸೇರಿ 32,000 ಆಯಿತು, ಆದರೆ ನಿಜವಾದ ಹೆಚ್ಚಳ 30,000 ಅಲ್ವಾ? ಆ 2,000 ಹೋಗಿದ್ದು ಎಲ್ಲಿಗೆ ಅಂದರೆ, ಜನ ಬಿಟ್ಟುಬಂದ ಬೇಸಾಯ ಸುಧಾರಿಸುತ್ತಿತ್ತು, ಅವರು ಸೇರಿಕೊಂಡ ಗಾರ್ಮೆಂಟ್ಸ್ ನಿಂತಲ್ಲೇ ನಿಂತಿತ್ತು. ಬಿಟ್ಟುಹೋದ ಹತ್ತು ಜನರಿಗೂ ಬೇಸಾಯದ ತಲಾ 20,000 ಏರಿಕೆ ಸೇರಿಸಿದ್ದೆವು, ಅದನ್ನು ನೂರು ಜನಕ್ಕೆ ಹಂಚಿದರೆ ಕಳೆಯಬೇಕಾದ 2,000. ಈ ಮೂರನೇ ಅಂಕಿಯನ್ನು ಅನೇಕರು ಕಡೆಗಣಿಸುತ್ತಾರೆ. ನನಗೆ ಇದೇ ಹೆಚ್ಚು ಮುಖ್ಯ. ಇದು ವರ್ಷಗಟ್ಟಲೆ ಮೈನಸ್ಸಿನಲ್ಲೇ ಇದ್ದರೆ ಜನ ಬೆಳೆಯುತ್ತಿರುವ ಕಡೆಗೆ ಹೋಗುತ್ತಿಲ್ಲ ಅಂತ ಅರ್ಥ.

ಇನ್ನೊಂದು ಗಮನಿಸಿ. ಬೇಸಾಯದ ತಲಾ ಅಂಕಿ 1ರಿಂದ 1.2ಕ್ಕೆ ಏರಿತಲ್ಲ, ಅಲ್ಲಿ ಒಟ್ಟು ಬೆಳೆ ಒಂದು ರೂಪಾಯಿಯಷ್ಟೂ ಹೆಚ್ಚಿಲ್ಲ. ಮೊದಲೂ 60 ಲಕ್ಷ, ಈಗಲೂ 60 ಲಕ್ಷ. ಹಂಚಿಕೊಳ್ಳುವವರು ಹತ್ತು ಮಂದಿ ಕಡಿಮೆಯಾದರು, ಅಷ್ಟೇ. ಹಾಗಾಗಿ ಒಳಗಿನ ಸುಧಾರಣೆ ಅಂತ ಬರೆದುಕೊಂಡ 12,000 ಕೂಡ ವಲಸೆಯದ್ದೇ ಫಲ. ತಲಾ ಅಂಕಿ ಏರಿದ ಕಡೆಯಲ್ಲೆಲ್ಲ ಒಟ್ಟು ಅಂಕಿಯನ್ನೂ ನೋಡಲೇಬೇಕು ಅನ್ನೋದು ಇದಕ್ಕೇ.

ಈ ಲೆಕ್ಕ ಎಡವುವ ಜಾಗ ಒಂದಿದೆ. ಕೆಜಿಎಫ್ ತೆಗೆದುಕೊಳ್ಳಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು ಆ ಗಣಿಗೆ. ನೂರು ವರ್ಷ ಮೀರಿ ನಡೆದ ಗಣಿ, ಕೊನೆಗೆ ಚಿನ್ನ ತೆಗೆಯುವ ಖರ್ಚೇ ಜಾಸ್ತಿಯಾಗಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಷ್ಟದ ಗಣಿ ಮುಚ್ಚಿದಾಗ ಉಳಿದವರ ಸರಾಸರಿ ಏರುತ್ತದೆ. ಯಾಕೆಂದರೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವನು ಈ ಭಾಗಾಕಾರದಲ್ಲಿ ಎಲ್ಲೂ ಬರುವುದಿಲ್ಲ, ನಾವು ಭಾಗಿಸುವುದು ದುಡಿಯುವವರಿಂದ ಮಾತ್ರ. ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿನಿಂದ ಬೆಂಗಳೂರಿಗೆ ಬರುವ ಬೆಳಗಿನ ರೈಲಿನಲ್ಲಿ ಊಟದ ಡಬ್ಬಿ ಹಿಡಿದು ನಿಂತವರನ್ನು ನೋಡಿದರೆ ಊರಿನ ಕಥೆ ತಿಳಿಯುತ್ತದೆ. ಕೆಲಸ ಇರುವುದು ಒಂದು ಕಡೆ, ಮನೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ. ಅದಕ್ಕೇ ಒಟ್ಟು ಮೌಲ್ಯವನ್ನು ಇಡೀ ಜನಸಂಖ್ಯೆಯಿಂದಲೂ ಒಮ್ಮೆ ಭಾಗಿಸಿ. ಒಂದು ಏರಿ ಇನ್ನೊಂದು ನಿಂತಿದ್ದರೆ ಯಾರೋ ಲೆಕ್ಕದಿಂದ ಹೊರಗೆ ಬಿದ್ದಿದ್ದಾರೆ.

ಜನ ಹಿಂದಕ್ಕೂ ಹೋಗುತ್ತಾರೆ, ಅದನ್ನೂ ನೆನಪಿಡಿ. 2018-19ರಲ್ಲಿ ಕೃಷಿಯಲ್ಲಿದ್ದವರು ಶೇ 42.5. ಕೊರೋನಾ ಬಂದು ಊರಿಗೆ ವಾಪಸಾದ ಮೇಲೆ, 2020-21ರಲ್ಲಿ ಶೇ 46.5. 2023-24ರವರೆಗೂ ಆ ಪಾಲು ಹಳೆಯ ಮಟ್ಟಕ್ಕೆ ಇಳಿದಿರಲಿಲ್ಲ. ಮನೆಯ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ಹೆಂಗಸರನ್ನೂ ಸಮೀಕ್ಷೆ ಕೆಲಸದವರು ಅಂತಲೇ ಎಣಿಸುತ್ತದೆ. ಹಾಗಾಗಿ ಗಂಡಸರ ಅಂಕಿ, ಹೆಂಗಸರ ಅಂಕಿ ಬೇರೆ ಬೇರೆ ಮಾಡಿಕೊಂಡೇ ಹೋಲಿಸಿ.

ಕರ್ನಾಟಕಕ್ಕೆ ಈ ಲೆಕ್ಕ ಹಾಕುವವರು ಸೇವಾ ವಲಯವನ್ನು ಒಂದೇ ಗಂಟು ಮಾಡಬೇಡಿ. ರಾಜ್ಯದ ಮೌಲ್ಯದಲ್ಲಿ ಮೂರನೇ ಎರಡು ಭಾಗದಷ್ಟು ಅದರದ್ದೇ. ಆದರೆ ಸಾಫ್ಟ್‌ವೇರ್ ಬರೆಯುವವರೂ ಅದೇ ವಲಯ, ಅವರಿಗೆ ಊಟ ತಂದುಕೊಡುವ ಹುಡುಗನೂ ಅದೇ ವಲಯ. ಹೊಲ ಬಿಟ್ಟುಬಂದವನು ಯಾವ ಬಾಗಿಲಿನಿಂದ ಒಳಗೆ ಹೋದ ಅನ್ನೋದು ಒಟ್ಟು ಅಂಕಿಯಲ್ಲಿ ಕಾಣುವುದಿಲ್ಲ. ಐಟಿ, ಬ್ಯಾಂಕು ಒಂದು ಸಾಲು. ವ್ಯಾಪಾರ, ಹೋಟೆಲು, ಸಾಗಣೆ ಇನ್ನೊಂದು ಸಾಲು. ಕಟ್ಟಡ ಕೆಲಸ ಯಾವಾಗಲೂ ಬೇರೆಯೇ ಇರಲಿ, ಹಳ್ಳಿ ಬಿಟ್ಟವರಲ್ಲಿ ಎಷ್ಟೋ ಮಂದಿ ಮೊದಲು ನಿಲ್ಲುವುದು ಅಲ್ಲೇ. ಹೋಲಿಕೆಯನ್ನು ಐದೈದು ವರ್ಷಕ್ಕೆ ಮಾಡಿ, ಒಂದು ವರ್ಷ ಮಳೆ ಕೈಕೊಟ್ಟರೂ ಕೃಷಿಯ ತಲಾ ಅಂಕಿ ಅಡಿಮೇಲಾಗುತ್ತದೆ.